ಜೇಮ್ಸ್ ಬಾಂಡ್ ಚಿತ್ರಮಾಲೆಯಲ್ಲಿ ನಿರ್ದೇಶಕರ ಆಯ್ಕೆ: ಒಂದು ಐತಿಹಾಸಿಕ ಪರಿಶೀಲನೆ

ಅರಸುಮನೆತನಗಳ ಉತ್ತರಾಧಿಕಾರವನ್ನೂ ಮಠಗಳ ಪಟ್ಟಾಧಿಕಾರವನ್ನೂ ಕುರಿತು ಶಾಸನಗಳನ್ನು ಒರೆಹಚ್ಚಿ ನೋಡುವ ಅಭ್ಯಾಸ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲದಿಂದಲೂ ಇದೆ. ಚಲಚ್ಚಿತ್ರ ವ್ಯವಸಾಯದಲ್ಲಿಯೂ ಇಂತಹ ಉತ್ತರಾಧಿಕಾರದ ಪ್ರಶ್ನೆಗಳು ಏಳುತ್ತವೆಂಬುದರ ಕಡೆಗೆ ಮಾತ್ರ ನಮ್ಮ ಲಕ್ಷ್ಯ ಅಷ್ಟಾಗಿ ಹರಿದಿಲ್ಲ. 2025ರ ಜೂನ್ ತಿಂಗಳಲ್ಲಿ ಜೇಮ್ಸ್ ಬಾಂಡ್ ಚಿತ್ರಮಾಲೆಯ ಮುಂದಿನ ಚಿತ್ರಕ್ಕೆ ಕೆನಡಾ ದೇಶದ ಡೆನಿ ವಿಲ್‌ನೆವ್ ಅವರನ್ನು ನಿರ್ದೇಶಕರನ್ನಾಗಿ ಆರಿಸಲಾಯಿತೆಂಬ ವಾರ್ತೆ ಪ್ರಕಟವಾದಾಗ ಪತ್ರಿಕೆಗಳು ಅದನ್ನು ಬಹುಮಟ್ಟಿಗೆ ಅಭಿರುಚಿಯ ಪ್ರಶ್ನೆಯೆಂಬಂತೆ ಚರ್ಚಿಸಿದುವು. ಅವರ ಶೈಲಿ ಈ ಕಥಾವಸ್ತುವಿಗೆ ಒಪ್ಪುವುದೇ, ಇಲ್ಲವೇ ಎಂಬುದೇ ಎಲ್ಲರ ಜಿಜ್ಞಾಸೆಯಾಗಿದ್ದಿತು. ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಬೇರೆ. ಆರಿಸಿದವರು ಯಾರು, ಯಾವ ಹಕ್ಕಿನಿಂದ ಆರಿಸಿದರು? ಆರು ದಶಕಗಳ ಕಾಲ ಈ ಮಾಲೆಯಲ್ಲಿ ನಿರ್ದೇಶಕನ ಆಯ್ಕೆಯು ಒಡೆತನದ ಅತಿ ಮುಖ್ಯವಾದ ಪ್ರಯೋಗವಾಗಿದ್ದಿತೆಂಬುದೂ, ಆ ಒಡೆತನದ ಸತ್ತ್ವವು 'ಬೇಕು' ಎನ್ನುವುದಕ್ಕಿಂತ 'ಬೇಡ' ಎನ್ನುವುದರಲ್ಲಿಯೇ ಹೆಚ್ಚಾಗಿ ಕಂಡುಬರುತ್ತದೆಂಬುದೂ ನಮ್ಮ ಅಭಿಪ್ರಾಯ.

ಇಯಾನ್ ಫ್ಲೆಮಿಂಗ್ ಅವರ ಮೊದಲ ಬಾಂಡ್ ಕಾದಂಬರಿ ಪ್ರಕಟವಾದುದು 1953ರಲ್ಲಿ. ಆಲ್ಬರ್ಟ್ ಬ್ರಾಕೊಲಿ ಮತ್ತು ಹ್ಯಾರಿ ಸಾಲ್ಟ್ಸ್‌ಮನ್ ಎಂಬ ಇಬ್ಬರು ನಿರ್ಮಾಪಕರು 1961ರಲ್ಲಿ ಈಯಾನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷವೇ 'ಡಾಕ್ಟರ್ ನೋ' ಚಿತ್ರವನ್ನು ಹೊರತಂದರು. ಅದರ ವೆಚ್ಚ ಸುಮಾರು ಹತ್ತು ಲಕ್ಷ ಡಾಲರುಗಳು. ನಿರ್ದೇಶಕರಾದ ಟೆರೆನ್ಸ್ ಯಂಗ್ ಅವರು ಕೇಂಬ್ರಿಜ್‌ನಲ್ಲಿ ಓದಿದವರು, ಯುದ್ಧದಲ್ಲಿ ಸೈನಿಕರಾಗಿದ್ದವರು, ಉಡುಗೆ ತೊಡುಗೆಗಳಲ್ಲಿ ನಾಜೂಕಿನವರು. ಎಡಿನ್‌ಬರೋದ ಶ್ರಮಿಕ ಕುಟುಂಬದಿಂದ ಬಂದ ಷಾನ್ ಕಾನರಿಯವರನ್ನು ಯಂಗ್ ತಮ್ಮದೇ ದರ್ಜಿಯ ಬಳಿಗೆ ಕರೆದೊಯ್ದು ಉಡುಪು ಹೊಲಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಆ ನಾಯಕಪಾತ್ರದ ನಡೆನುಡಿಗಳಲ್ಲಿ ಎಷ್ಟೋ ಅಂಶ ಈ ನಿರ್ದೇಶಕರಿಂದಲೇ ಬಂದುದು. ಇಷ್ಟಾದರೂ ಮೂರನೆಯ ಚಿತ್ರವಾದ 'ಗೋಲ್ಡ್‌ಫಿಂಗರ್' (1964) ಸಿದ್ಧವಾಗುವ ಹೊತ್ತಿಗೆ ಸಂಭಾವನೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಉಂಟಾಗಲು, ನಿರ್ಮಾಪಕರು ಯಂಗ್ ಅವರನ್ನು ಬಿಟ್ಟು ಗೈ ಹ್ಯಾಮಿಲ್ಟನ್ ಅವರನ್ನು ಕರೆದರು. ಹ್ಯಾಮಿಲ್ಟನ್ ಅವರು 'ದಿ ಥರ್ಡ್ ಮ್ಯಾನ್' ಚಿತ್ರದಲ್ಲಿ ಕ್ಯಾರಲ್ ರೀಡ್ ಅವರಿಗೆ ಸಹಾಯಕರಾಗಿದ್ದವರು. ಮಾಲೆಗೆ ರೂಪ ಕೊಟ್ಟವನೇ ಹೊರಟುಹೋದರೂ ಮಾಲೆ ನಿಲ್ಲಲಿಲ್ಲ. ಹೊಸಬರ ಚಿತ್ರ ಹಿಂದಿನ ಎರಡನ್ನೂ ಮೀರಿಸಿತು. ನಿರ್ದೇಶಕನು ಬದಲಾಗಬಹುದು, ಮನೆ ಉಳಿಯುತ್ತದೆ ಎಂಬ ವಿಶ್ವಾಸ ನಿರ್ಮಾಪಕರಿಗೆ ಹುಟ್ಟಿದುದು ಈ ಘಟ್ಟದಲ್ಲಿಯೇ ಎಂದು ನಾವು ಊಹಿಸಬಹುದು. 'ಥಂಡರ್‌ಬಾಲ್' (1965) ಚಿತ್ರಕ್ಕೆ ಯಂಗ್ ಮರಳಿ ಬಂದರು. ಆದರೆ ಅದೇ ಅವರ ಕೊನೆಯ ಬಾಂಡ್ ಚಿತ್ರವಾಯಿತು.

ಇಲ್ಲಿಂದ ಮುಂದೆ ಎರಡು ದಾರಿಗಳು ಕಾಣುತ್ತವೆ. ಹೆಸರುಗಳಿಸಿದ ಅನುಭವಿಗಳನ್ನು ಹೊರಗಿನಿಂದ ಕರೆತರುವುದು ಒಂದು. 'ಆಲ್ಫಿ' ಚಿತ್ರದ ಲೂಯಿಸ್ ಗಿಲ್ಬರ್ಟ್ ಅವರು ಮೊದಲು ಒಲ್ಲೆನೆಂದರೂ ಕೊನೆಗೆ ಒಪ್ಪಿಕೊಂಡು 1967ರ 'ಯೂ ಓನ್ಲಿ ಲಿವ್ ಟ್ವೈಸ್' ಚಿತ್ರವನ್ನು ನಿರ್ದೇಶಿಸಿದುದು ಈ ಬಗೆಯದು. ಮನೆಯಲ್ಲಿಯೇ ದುಡಿದವನಿಗೆ ಬಡ್ತಿ ಕೊಡುವುದು ಇನ್ನೊಂದು ದಾರಿ. ಮೊದಲ ಚಿತ್ರದಿಂದಲೂ ಸಂಕಲನಕಾರರಾಗಿದ್ದ ಪೀಟರ್ ಹಂಟ್ ಅವರಿಗೆ 1969ರ 'ಆನ್ ಹರ್ ಮೆಜೆಸ್ಟಿಸ್ ಸೀಕ್ರೆಟ್ ಸರ್ವಿಸ್' ದೊರೆತುದು ಹೀಗೆ. ಬಾಂಡ್ ಚಿತ್ರಗಳ ಚುರುಕಾದ ಕತ್ತರಿಕೆಯ ರೀತಿ ಹಂಟ್ ಅವರ ಮೇಜಿನ ಮೇಲೆ ಹುಟ್ಟಿದುದೆಂಬುದನ್ನು ಬಲ್ಲವರು ಒಪ್ಪುತ್ತಾರೆ. ಅವರ ಚಿತ್ರ ಹಿಂದಿನದರಷ್ಟು ಹಣ ಗಳಿಸಲಿಲ್ಲ. ಇಂದು ಅದನ್ನು ಮಾಲೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಎಣಿಸುವ ವಿಮರ್ಶಕರು ಅನೇಕರಿದ್ದಾರೆ. ಆದರೆ ಹಂಟ್ ಅವರಿಗೆ ಎರಡನೆಯ ಬಾಂಡ್ ಚಿತ್ರ ದೊರೆಯಲೇ ಇಲ್ಲ. 1971, 1973, 1974ರ ಮೂರು ಚಿತ್ರಗಳೂ ಹ್ಯಾಮಿಲ್ಟನ್ ಅವರ ಪಾಲಾದುವು.

1975ರಲ್ಲಿ ಸಾಲ್ಟ್ಸ್‌ಮನ್ ಅವರು ತಮ್ಮ ಅರ್ಧಭಾಗದ ಹಕ್ಕನ್ನು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ಮಾರಿದರು. ಹಣಕಾಸಿನ ಲೆಕ್ಕದಲ್ಲಿ ಇದರಿಂದ ಮಾಲೆಯ ಅರ್ಧ ಪರರ ಕೈಸೇರಿತು. ಕಲೆಯ ಲೆಕ್ಕದಲ್ಲಿ ಮಾತ್ರ ಬ್ರಾಕೊಲಿ ಒಬ್ಬರೇ ಯಜಮಾನರಾಗಿ ಉಳಿದರು. 'ದಿ ಸ್ಪೈ ಹೂ ಲವ್ಡ್ ಮಿ' ಚಿತ್ರವನ್ನು ಒಪ್ಪಿಕೊಂಡಿದ್ದ ಹ್ಯಾಮಿಲ್ಟನ್ ಅವರು 'ಸೂಪರ್‌ಮ್ಯಾನ್' ಚಿತ್ರಕ್ಕಾಗಿ ಅದನ್ನು ಬಿಟ್ಟರು. ಆ ಚಿತ್ರವೂ ಅವರಿಗೆ ದಕ್ಕಲಿಲ್ಲ ಎಂಬುದು ವಿಧಿಯ ವಿನೋದ. ಅವರ ಸ್ಥಾನಕ್ಕೆ ಗಿಲ್ಬರ್ಟ್ ಮತ್ತೆ ಬಂದರು. ವಾಚಕರು ಗಿಲ್ಬರ್ಟ್ ಅವರ ಮೂರು ಬಾಂಡ್ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮೊದಲನೆಯದರಲ್ಲಿ ಒಂದು ವ್ಯೋಮನೌಕೆ ಇನ್ನೊಂದನ್ನು ನುಂಗುತ್ತದೆ. ಎರಡನೆಯದರಲ್ಲಿ ತೈಲದ ಹಡಗು ಜಲಾಂತರ್ಗಾಮಿಗಳನ್ನು ನುಂಗುತ್ತದೆ. ಮೂರನೆಯದಾದ 'ಮೂನ್‌ರೇಕರ್' (1979) ಬಾಹ್ಯಾಕಾಶನೌಕೆಯ ಅಪಹರಣದಿಂದಲೇ ಆರಂಭವಾಗುತ್ತದೆ. ಈ ಮಾಲೆಯಲ್ಲಿ ನಿರ್ದೇಶಕನಿಗೆ ಸ್ವಂತ ಮುದ್ರೆಯೇ ಇಲ್ಲವೆಂದು ವಾದಿಸುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಇದೇ ಕಾಲದಲ್ಲಿ ನಡೆದ ಒಂದು ನಿರಾಕರಣೆ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ತರುಣ ಸ್ಟೀವನ್ ಸ್ಪೀಲ್‌ಬರ್ಗ್ ಅವರು ಬಾಂಡ್ ಚಿತ್ರವೊಂದನ್ನು ನಿರ್ದೇಶಿಸಲು ಬಯಸಿ ಬ್ರಾಕೊಲಿಯವರನ್ನು ಕೇಳಿದ್ದರೆಂದೂ, ಅವರು ಒಪ್ಪಲಿಲ್ಲವೆಂದೂ ಸ್ಪೀಲ್‌ಬರ್ಗ್ ಅವರೇ ಹೇಳಿಕೊಂಡಿದ್ದಾರೆ. 1977ರಲ್ಲಿ ಹವಾಯಿ ದ್ವೀಪದ ಕಡಲತೀರದಲ್ಲಿ ಈ ಆಸೆಯನ್ನು ಅವರು ಮಿತ್ರರಾದ ಜಾರ್ಜ್ ಲೂಕಸ್ ಅವರಲ್ಲಿ ತೋಡಿಕೊಂಡಾಗ, ಅದಕ್ಕಿಂತ ಮಿಗಿಲಾದ ಕಥೆ ತಮ್ಮಲ್ಲಿದೆಯೆಂದು ಲೂಕಸ್ ಹೇಳಿದರಂತೆ. ಆ ಮಾತಿನ ಫಲವೇ 'ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್'. ಅದು ತೆರೆಕಂಡ 1981ರ ಜೂನ್ ತಿಂಗಳಲ್ಲಿಯೇ ಬ್ರಾಕೊಲಿಯವರ 'ಫಾರ್ ಯುವರ್ ಐಸ್ ಓನ್ಲಿ' ಚಿತ್ರವೂ ತೆರೆಕಂಡಿತು. ಬ್ರಾಕೊಲಿ ತಪ್ಪುಮಾಡಿದರೆಂದು ಹೇಳುವುದು ಸುಲಭ. ಆದರೆ ಅವರ ದೃಷ್ಟಿಯಿಂದ ನೋಡಿದರೆ, ಸ್ಪೀಲ್‌ಬರ್ಗ್ ಅಂಥವರು ಬಂದಿದ್ದರೆ ಚಿತ್ರವು ಸ್ಪೀಲ್‌ಬರ್ಗ್ ಅವರದಾಗುತ್ತಿದ್ದಿತು. ಮನೆಯ ಹೆಸರಿಗಿಂತ ದೊಡ್ಡ ಹೆಸರಿನವರನ್ನು ಮನೆಗೆ ಸೇರಿಸಿಕೊಳ್ಳಬಾರದೆಂಬುದೇ ಆಗಿನ ನೀತಿಯಾಗಿದ್ದಿತು.

ಆ ನೀತಿಯ ಪೂರ್ಣಾವತಾರವೆಂದರೆ ಜಾನ್ ಗ್ಲೆನ್. 1981ರಿಂದ 1989ರವರೆಗೆ ಬಂದ ಐದು ಚಿತ್ರಗಳೂ ಇವರವೇ. ಈಯಾನ್ ಸಂಸ್ಥೆಯ ಇಪ್ಪತ್ತೈದು ಚಿತ್ರಗಳನ್ನು ನಿರ್ದೇಶಿಸಿದ ಹನ್ನೆರಡು ಮಂದಿಯಲ್ಲಿ ಇಷ್ಟು ಚಿತ್ರಗಳನ್ನು ಮಾಡಿದವರು ಬೇರೆ ಯಾರೂ ಇಲ್ಲ. ಅವರು 1969ರಲ್ಲಿ ಹಂಟ್ ಅವರ ಚಿತ್ರದ ಸಂಕಲನವನ್ನೂ ಎರಡನೆಯ ಘಟಕವನ್ನೂ ನೋಡಿಕೊಂಡವರು. ಮುಖ್ಯ ನಿರ್ದೇಶಕನು ನಟರೊಡನೆ ತೊಡಗಿರುವಾಗ ಸಾಹಸದೃಶ್ಯಗಳನ್ನು ಬೇರೆಡೆಯಲ್ಲಿ ಚಿತ್ರೀಕರಿಸುವ ತಂಡಕ್ಕೆ ಎರಡನೆಯ ಘಟಕವೆಂದು ಹೆಸರು. 1976ರಲ್ಲಿ ಕೆನಡಾದ ಬ್ಯಾಫಿನ್ ದ್ವೀಪದಲ್ಲಿ, ಆಸ್ಗಾರ್ಡ್ ಶಿಖರದಿಂದ ಹಿಮಜಾರುಗನೊಬ್ಬನು ಪ್ರಪಾತಕ್ಕೆ ಹಾರಿ ಬ್ರಿಟಿಷ್ ಧ್ವಜದ ಬಣ್ಣದ ಪ್ಯಾರಾಚೂಟನ್ನು ಬಿಚ್ಚುವ ದೃಶ್ಯವನ್ನು ಸೆರೆಹಿಡಿದವರು ಗ್ಲೆನ್ ಅವರೇ. ಮಾಲೆಯ ಅತ್ಯಂತ ಪ್ರಸಿದ್ಧವಾದ ಕ್ಷಣಗಳಲ್ಲೊಂದು ಆ ಚಿತ್ರದ ನಿರ್ದೇಶಕನ ಕಣ್ಣಿನಿಂದ ಬಂದುದಲ್ಲ. ಗ್ಲೆನ್ ಅವರಿಗೆ ಶೈಲಿಯೇ ಇಲ್ಲವೆಂದು ಪರಿಹಾಸ ಮಾಡುವ ವಿಮರ್ಶಕರಿದ್ದಾರೆ. ನಮಗೆ ಆ ಮಾತು ಒಪ್ಪಿಗೆಯಾಗದು. ಅಲ್ಲಿಯವರೆಗಿನ ಬಾಂಡ್ ಚಿತ್ರಗಳಲ್ಲೆಲ್ಲ ಅತಿ ದುಬಾರಿಯಾಗಿದ್ದ 'ಮೂನ್‌ರೇಕರ್' ಚಿತ್ರದ ಆಡಂಬರದಿಂದ ಮಾಲೆಯನ್ನು ಮತ್ತೆ ನೆಲಕ್ಕಿಳಿಸಿದ ಅವರ ಮಿತವ್ಯಯವೂ ಒಂದು ಶೈಲಿಯೇ. ನಮ್ಮ ದೇಶದ ಉದಯಪುರದಲ್ಲಿ ಚಿತ್ರೀಕರಿಸಿದ 'ಆಕ್ಟೊಪಸ್ಸಿ' (1983) ಚಿತ್ರದಲ್ಲಿ ಭಾರತವನ್ನು ಹಾವಾಡಿಗರ, ಬೆಂಕಿ ನುಂಗುವವರ ನಾಡನ್ನಾಗಿ ತೋರಿಸಿದುದನ್ನು ಮಾತ್ರ ನಾವು ಸಮರ್ಥಿಸಲಾರೆವು.

ಪ್ರಾಸಂಗಿಕವಾಗಿ ಒಂದು ಮಾತು. ಬಾಂಡ್ ಚಿತ್ರಗಳ ಪ್ರಭಾವದಿಂದ ಕನ್ನಡದಲ್ಲಿ ಹುಟ್ಟಿದ ಸಿ.ಐ.ಡಿ. 999 ಮಾಲೆಯು 'ಜೇಡರ ಬಲೆ' (1968) ಚಿತ್ರದಿಂದ 'ಆಪರೇಷನ್ ಡೈಮಂಡ್ ರಾಕೆಟ್' (1978) ವರೆಗೆ ನಾಲ್ಕು ಚಿತ್ರಗಳಷ್ಟು ಸಾಗಿತು. ನಾಲ್ಕರಲ್ಲಿಯೂ ರಾಜ್‌ಕುಮಾರ್ ಅವರೇ ನಾಯಕರು, ದೊರೈ-ಭಗವಾನ್ ಜೋಡಿಯೇ ನಿರ್ದೇಶಕರು. ಅಲ್ಲಿ ನಿರ್ದೇಶಕರ ಆಯ್ಕೆಯೆಂಬ ಸಮಸ್ಯೆಯೇ ಹುಟ್ಟಲಿಲ್ಲ. ನಾಯಕನೂ ನಿರ್ದೇಶಕರೂ ಬದಲಾದ ಮೇಲೂ ಬದುಕಬೇಕೆಂದು ಹೊರಟ ಮಾಲೆಗೆ ಮಾತ್ರವೇ ಇಂತಹ ತೊಡಕು.

1989ರ ತರುವಾಯ ಹಕ್ಕುಗಳ ಬಗೆಗಿನ ವ್ಯಾಜ್ಯದಿಂದ ಆರು ವರ್ಷ ಚಿತ್ರಗಳೇ ಬರಲಿಲ್ಲ. ಬ್ರಾಕೊಲಿಯವರು 1996ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆಯೇ, 1995ರ 'ಗೋಲ್ಡನ್ ಐ' ಚಿತ್ರದಿಂದ, ಮಗಳು ಬಾರ್ಬರಾ ಬ್ರಾಕೊಲಿಯವರೂ ಮಲಮಗ ಮೈಕೇಲ್ ವಿಲ್ಸನ್ ಅವರೂ ನಿರ್ಮಾಣದ ಹೊಣೆ ಹೊತ್ತಿದ್ದರು. ಅವರು ಆರಿಸಿದ ಮಾರ್ಟಿನ್ ಕ್ಯಾಂಪ್‌ಬೆಲ್ ಅವರು ನ್ಯೂಜಿಲೆಂಡಿನವರು. ಹೊಸ ನಾಯಕನಟನೊಡನೆ ಮಾಲೆಯನ್ನು ಪುನಃ ಆರಂಭಿಸಬೇಕಾದಾಗ ಎರಡು ಬಾರಿಯೂ, ಅಂದರೆ 1995ರಲ್ಲಿ ಮತ್ತು 2006ರ 'ಕ್ಯಾಸಿನೊ ರಾಯಲ್' ಚಿತ್ರದಲ್ಲಿ, ಅವರನ್ನೇ ಕರೆದುದು ಗಮನಾರ್ಹ. ಅಡಿಗಲ್ಲು ಹಾಕುವುದಕ್ಕೆ ನಂಬಿಕೆಯ ಮೇಸ್ತ್ರಿಯನ್ನೇ ಕರೆಯುವಂತೆ. ನಡುವಣ ಮೂರು ಚಿತ್ರಗಳನ್ನು ಸ್ಪಾಟಿಸ್‌ವುಡ್, ಆಪ್ಟೆಡ್, ಟಮಹೋರಿ ಎಂಬ ಮೂವರು ಒಂದೊಂದರಂತೆ ನಿರ್ದೇಶಿಸಿದರು. ನಿರ್ದೇಶಕರು ಹೀಗೆ ಬದಲಾಗುತ್ತಿದ್ದರೂ ಮೂರರಲ್ಲಿಯೂ ಎರಡನೆಯ ಘಟಕದ ನಿರ್ದೇಶಕರು ವಿಕ್ ಆರ್ಮ್‌ಸ್ಟ್ರಾಂಗ್ ಒಬ್ಬರೇ. ಹೊರಗಿನವರಿಗೆ ಪಟ್ಟ ಕಟ್ಟಿದರೂ ಭಂಡಾರದ ಬೀಗದ ಕೈ ಮನೆಯವರಲ್ಲಿಯೇ ಉಳಿದಿದ್ದಿತು.

ಆ ಬೀಗದ ಕೈ ಸಡಿಲವಾದುದು ಸ್ಯಾಮ್ ಮೆಂಡಿಸ್ ಅವರ ಕಾಲದಲ್ಲಿ. 'ಅಮೆರಿಕನ್ ಬ್ಯೂಟಿ' ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದಿದ್ದ ಅವರು ಬಾಂಡ್ ಚಿತ್ರಕ್ಕೆ ಬಂದುದು ನಾಯಕನಟ ಡೇನಿಯಲ್ ಕ್ರೇಗ್ ಅವರ ಅಪೇಕ್ಷೆಯಿಂದ. 'ಸ್ಕೈಫಾಲ್' (2012) ನೂರು ಕೋಟಿ ಡಾಲರುಗಳ ಗಳಿಕೆಯನ್ನು ದಾಟಿದ ಮೊದಲ ಬಾಂಡ್ ಚಿತ್ರವಾಯಿತು. ಸ್ಪೀಲ್‌ಬರ್ಗ್ ಅವರನ್ನು ದೂರವಿಟ್ಟ ನೀತಿಯನ್ನು ಬಿಟ್ಟುಕೊಟ್ಟದ್ದರಿಂದ ಲಾಭವೇ ಆಯಿತೆಂದು ಕಂಡುಬಂದಿರಬೇಕು; 2018ರ ಮೇ ತಿಂಗಳಲ್ಲಿ ಇನ್ನೊಬ್ಬ ಆಸ್ಕರ್ ವಿಜೇತರಾದ ಡ್ಯಾನಿ ಬಾಯ್ಲ್ ಅವರ ಹೆಸರು ಘೋಷಿತವಾಯಿತು. ಕುಟುಂಬದ ಬಳಿ ಬಹುಕಾಲದಿಂದ ಬರೆಯುತ್ತಿದ್ದ ಪರ್ವಿಸ್ ಮತ್ತು ವೇಡ್ ಅವರು ಆ ವೇಳೆಗಾಗಲೇ ನಿಯುಕ್ತರಾಗಿದ್ದರು. ಆದರೆ ಬಾಯ್ಲ್ ಅವರು ತಮ್ಮ ಕಥೆಯೊಡನೆ, ತಮ್ಮದೇ ಲೇಖಕರಾದ ಜಾನ್ ಹಾಜ್ ಅವರೊಡನೆ ಬಂದರು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 21ರಂದು, ಸೃಜನಾತ್ಮಕ ಭಿನ್ನಾಭಿಪ್ರಾಯಗಳಿಂದಾಗಿ ಬಾಯ್ಲ್ ನಿರ್ಗಮಿಸಿದರೆಂಬ ಪ್ರಕಟಣೆ ಹೊರಬಿದ್ದಿತು. ಹಾಜ್ ಅವರ ಬರಹವೂ ಅವರೊಡನೆಯೇ ಹೋಯಿತು. ಪರ್ವಿಸ್ ಮತ್ತು ವೇಡ್ ಮರಳಿದರು. ಮುಂದಿನ ತಿಂಗಳು ಕ್ಯಾರಿ ಫುಕುನಾಗ ಅವರು ನಿರ್ದೇಶಕರಾದರು. 1977ರ ಸುಮಾರಿನಲ್ಲಿ ಬಾಗಿಲಾಚೆಯೇ ನಿಲ್ಲಿಸಿದ ಹಸ್ತ, 2018ರಲ್ಲಿ ಒಳಗೆ ಬಂದವರನ್ನು ಹೊರಗೆ ಕಳುಹಿಸಿತು. ಹಕ್ಕು ಒಂದೇ, ಅದನ್ನು ಪ್ರಯೋಗಿಸಿದ ಗಳಿಗೆ ಮಾತ್ರ ಬೇರೆ. ಚಿತ್ರ ತೆರೆಗೆ ಬಂದುದು, ಮಹಾಮಾರಿಯ ತಡೆಗಳನ್ನೂ ದಾಟಿಕೊಂಡು, 2021ರ ಸೆಪ್ಟೆಂಬರಿನಲ್ಲಿ.

ಈ ಹಕ್ಕು ಕೈಬದಲಾಯಿಸಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯನ್ನು 1981ರಲ್ಲಿ ಎಂ.ಜಿ.ಎಂ. ಕೊಂಡುಕೊಂಡಿತು, ಎಂ.ಜಿ.ಎಂ. ಸಂಸ್ಥೆಯನ್ನು 2022ರಲ್ಲಿ ಅಮೆಜಾನ್ 845 ಕೋಟಿ ಡಾಲರುಗಳಿಗೆ ಕೊಂಡಿತು. ಅಷ್ಟಾದರೂ ಮೂರು ವರ್ಷ ಆಯ್ಕೆಯ ಅಧಿಕಾರ ಕುಟುಂಬದಲ್ಲಿಯೇ ಉಳಿದಿದ್ದಿತು. ಅರ್ಧ ಶತಮಾನದ ಹಿಂದೆ ಸಾಲ್ಟ್ಸ್‌ಮನ್ ಮಾರಿದುದು ಲಾಭದ ಪಾಲನ್ನು ಮಾತ್ರ ಎಂಬುದು ಇದರಿಂದ ಸ್ಪಷ್ಟ. 2025ರ ಫೆಬ್ರುವರಿ ತಿಂಗಳಲ್ಲಿ ವಿಲ್ಸನ್ ಅವರೂ ಬಾರ್ಬರಾ ಬ್ರಾಕೊಲಿಯವರೂ ಸಹ-ಒಡೆತನವನ್ನು ಇಟ್ಟುಕೊಂಡು, ಸೃಜನಾತ್ಮಕ ನಿಯಂತ್ರಣವನ್ನು ಅಮೆಜಾನ್ ಸಂಸ್ಥೆಗೆ ಬಿಟ್ಟುಕೊಟ್ಟರು. ಬೇಡವೆನ್ನುವ ಅಧಿಕಾರ ಒಂದು ಮನೆತನದಿಂದ ಹೊರಗೆ ಹೋದುದು ಆಗಲೇ. ಇದನ್ನು ಅವನತಿಯೆಂದು ಮರುಗುವುದಕ್ಕೆ ನಾವು ಸಿದ್ಧರಿಲ್ಲ. ಹಂಟ್ ಅವರಿಗೆ ಆದ ಅನ್ಯಾಯವೂ ಆ ಮನೆತನದ ಆಳ್ವಿಕೆಯಲ್ಲಿಯೇ ನಡೆಯಿತು. ಆದರೆ ವ್ಯಕ್ತಿಯ ಹಠಕ್ಕೆ ಒಂದು ಮುಖವಿರುತ್ತದೆ, ಸಂಸ್ಥೆಯ ನಿರ್ಣಯಕ್ಕೆ ಅದಿರುವುದಿಲ್ಲ. ಮುಂದಿನ ಇತಿಹಾಸಕಾರನಿಗೆ ಯಾರು ಯಾರನ್ನು ಏಕೆ ನಿರಾಕರಿಸಿದರೆಂಬುದನ್ನು ಕಂಡುಹಿಡಿಯುವ ಕೆಲಸ ಇನ್ನಷ್ಟು ಕಠಿನವಾಗುವುದು.

ಹೊಸ ಒಡೆಯರು ನಡೆದುಕೊಂಡ ಕ್ರಮವನ್ನು ಇಲ್ಲಿ ಗುರುತಿಸಬೇಕು. ಮಾರ್ಚ್ ತಿಂಗಳಲ್ಲಿ ಏಮಿ ಪಾಸ್ಕಲ್ ಮತ್ತು ಡೇವಿಡ್ ಹೇಮನ್ ಅವರನ್ನು ನಿರ್ಮಾಪಕರನ್ನಾಗಿ ನೇಮಿಸಿದರು. ಜೂನ್ 25ರಂದು ವಿಲ್‌ನೆವ್ ಅವರ ಹೆಸರು ಬಂದಿತು. 'ಬ್ಲೇಡ್ ರನ್ನರ್ 2049' ಮತ್ತು 'ಡ್ಯೂನ್' ಚಿತ್ರಗಳಲ್ಲಿ ಪರರು ಸೃಷ್ಟಿಸಿದ ಲೋಕಗಳನ್ನು ಹೊಕ್ಕು ಅವನ್ನು ತಮ್ಮದನ್ನಾಗಿ ಮಾಡಿಕೊಂಡವರು ಅವರು. ಬಾಂಡ್ ಪರಂಪರೆಯನ್ನು ಗೌರವಿಸುವುದಾಗಿ ಆ ಸಂದರ್ಭದಲ್ಲಿ ಅವರು ಹೇಳಿಕೆಯನ್ನೂ ಕೊಟ್ಟರು. ಆ ದಿನಕ್ಕೆ ನಾಯಕನಟ ಯಾರೆಂಬುದು ಗೊತ್ತಾಗಿರಲಿಲ್ಲ. 2005ರಲ್ಲಿಯೂ ಫೆಬ್ರುವರಿಯಲ್ಲಿ ಕ್ಯಾಂಪ್‌ಬೆಲ್ ಅವರ, ಅಕ್ಟೋಬರಿನಲ್ಲಿ ಕ್ರೇಗ್ ಅವರ ಹೆಸರು ಪ್ರಕಟವಾಗಿದ್ದುದರಿಂದ ಇದು ಹೊಸದಲ್ಲ. ಹೊಸದಾದುದು ಇನ್ನೊಂದು. ಚಿತ್ರಕಥೆಯ ಲೇಖಕರಾಗಿ ಸ್ಟೀವನ್ ನೈಟ್ ಅವರ ಹೆಸರು ಘೋಷಿತವಾದುದು ಜುಲೈ ತಿಂಗಳ ಕೊನೆಯಲ್ಲಿ, ನಿರ್ದೇಶಕರು ಗೊತ್ತಾದ ಮೇಲೆ. ಕುಟುಂಬದ ಕೊನೆಯ ವರ್ಷಗಳಲ್ಲಿ ಲೇಖಕರು ಮೊದಲು ಗೊತ್ತಾಗಿ, ನಿರ್ದೇಶಕರು ಅವರ ಹಿಂದೆ ಬರುತ್ತಿದ್ದರು. ಆ ಕ್ರಮವನ್ನು ತಿರುಗುಮುರುಗು ಮಾಡಲು ಹೊರಟುದರಿಂದಲೇ ಬಾಯ್ಲ್ ಅವರು ತಮ್ಮ ಸ್ಥಾನವನ್ನು ಬಿಡಬೇಕಾಗಿ ಬಂದಿದ್ದಿತು.