ಷಿಕಾಗೊದ ಶನಿವಾರದ ಪಾಠಶಾಲೆ

ಷಿಕಾಗೊ ಎಂದೊಡನೆ ನಮ್ಮವರಿಗೆ 1893ರ ಸರ್ವಧರ್ಮ ಸಮ್ಮೇಳನವೂ ಸ್ವಾಮಿ ವಿವೇಕಾನಂದರೂ ನೆನಪಾಗುತ್ತಾರೆ. ಆ ಸಮ್ಮೇಳನ ನಡೆದದ್ದು ನಗರದ ನಡುಭಾಗದಲ್ಲಿ, ಮಿಷಿಗನ್ ಸರೋವರದ ದಡಕ್ಕೆ ಸಮೀಪದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕೆಲವು ಮೈಲಿ ಹೋದರೆ ಸೌತ್ ಸೈಡ್ ಎಂದು ಕರೆಯುವ ವಿಶಾಲವಾದ ಪ್ರದೇಶ. ಸಮ್ಮೇಳನವನ್ನು ನೋಡಲು ಬಂದವರು ಆ ಕಡೆ ಹೋಗಿದ್ದರೂ ಅಲ್ಲಿ ಇಂದಿನ ಜನ ಇನ್ನೂ ಬಂದು ಸೇರಿರಲಿಲ್ಲ. ಅವರು ಬಂದದ್ದು ಆಮೇಲೆ, ಸಾವಿರ ಸಾವಿರವಾಗಿ, ರೈಲಿನಲ್ಲಿ. ಹೀಗೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮಕ್ಕಳು 1965ರಲ್ಲಿ ಕಟ್ಟಿದ ಒಂದು ಸಂಘ ಮತ್ತು ಅದು ನಡೆಸಿದ ಸಂಗೀತ ಶಾಲೆ ಈ ಲೇಖನದ ವಿಷಯ. ಊರು ಬಿಟ್ಟು ಬಂದು, ಸಂಘ ಕಟ್ಟಿಕೊಂಡು ಬಾಳುವ ನಮಗೆ ಈ ಕಥೆ ಅಷ್ಟೇನೂ ದೂರದ್ದಲ್ಲ.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಂತೆ ಕೊನೆಗೊಂಡರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರ ಬಾಳು ಹಸನಾಗಲಿಲ್ಲ. ಹತ್ತಿಯ ಹೊಲದಲ್ಲಿ ದುಡಿದರೂ ಸಾಲ ತೀರದು, ಮತ ಹಾಕುವಂತಿಲ್ಲ, ಜೀವಕ್ಕೇ ಭದ್ರತೆಯಿಲ್ಲ. ಸುಮಾರು 1910ರಿಂದ 1970ರವರೆಗೆ 60 ಲಕ್ಷದಷ್ಟು ಜನ ಆ ಸೀಮೆಯನ್ನು ತೊರೆದು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೋದರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಮಿಸಿಸಿಪಿ ರಾಜ್ಯದವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರವಾಗಿ ಷಿಕಾಗೊಕ್ಕೆ ಕರೆತರುತ್ತಿತ್ತು. 1905ರಲ್ಲಿ ಹುಟ್ಟಿದ ‘ಷಿಕಾಗೊ ಡಿಫೆಂಡರ್’ ಪತ್ರಿಕೆಯನ್ನು ರೈಲಿನ ಪೋರ್ಟರುಗಳು ದಕ್ಷಿಣದ ಹಳ್ಳಿಗಳಿಗೆ ಸಾಗಿಸುತ್ತಿದ್ದರು. ಅದನ್ನು ಓದಿ, ಓದಿಸಿ ಕೇಳಿ, ಜನ ಗಂಟುಮೂಟೆ ಕಟ್ಟಿದರು. ಉಕ್ಕಿನ ಕಾರ್ಖಾನೆಗಳಲ್ಲಿ, ಕಸಾಯಿಖಾನೆಗಳಲ್ಲಿ ಕೆಲಸ ಸಿಕ್ಕಿತು. ಮನೆ ಮಾತ್ರ ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ. ಕಪ್ಪುಜನರಿಗೆ ಮಾರಕೂಡದೆಂದು ಬಿಳಿಯರ ಮನೆಪತ್ರಗಳಲ್ಲಿಯೇ ಬರೆದಿಡುತ್ತಿದ್ದರು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1948ರಲ್ಲಿ. ಆದ್ದರಿಂದ ಬಂದವರೆಲ್ಲ ಸೌತ್ ಸೈಡಿನಲ್ಲಿಯೇ ಒತ್ತೊತ್ತಾಗಿ ನೆಲೆಸಬೇಕಾಯಿತು.

ಇಕ್ಕಟ್ಟಿನಲ್ಲಿಯೂ ಸಂಗೀತ ಬೆಳೆಯಿತು. ಅದಕ್ಕೆ ಹೋಟೆಲು, ಕುಣಿತದ ಸಭಾಂಗಣ, ಚರ್ಚುಗಳಷ್ಟೇ ಕಾರಣವಲ್ಲ; ಒಳ್ಳೆಯ ಮೇಷ್ಟರೂ ಕಾರಣ. ಡೂಸಾಬಲ್ ಹೈಸ್ಕೂಲಿನಲ್ಲಿ ಕ್ಯಾಪ್ಟನ್ ವಾಲ್ಟರ್ ಡಯಟ್ ಎಂಬ ಉಪಾಧ್ಯಾಯರು ಕಲಿಸಿದ ಹುಡುಗ ಹುಡುಗಿಯರ ಹೆಸರುಗಳನ್ನು ಬರೆದರೆ ಜಾಝ್ ಚರಿತ್ರೆಯ ಒಂದು ಅಧ್ಯಾಯವೇ ಆದೀತು. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್, ಜಾನಿ ಗ್ರಿಫಿನ್ ಎಲ್ಲರೂ ಅವರ ಕೈಕೆಳಗೆ ಪಳಗಿದವರೇ. ಸರ್ಕಾರಿ ಶಾಲೆ, ಕಟ್ಟುನಿಟ್ಟಿನ ಮೇಷ್ಟರು, ಫೀಜಿನ ಮಾತಿಲ್ಲ. ಮುಂದೆ ಹುಟ್ಟಿದ ಸಂಘಕ್ಕೆ ಈ ಹಿನ್ನೆಲೆ ಇತ್ತೆಂಬುದನ್ನು ಮರೆಯುವಂತಿಲ್ಲ.

1960ರ ದಶಕದ ಹೊತ್ತಿಗೆ ಸಂಗೀತಗಾರರ ಅನ್ನದ ದಾರಿ ಕಿರಿದಾಗುತ್ತ ಬಂತು. ಸೌತ್ ಸೈಡಿನ ಜಾಝ್ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ತೆರೆದಿದ್ದ ಕ್ಲಬ್ಬುಗಳ ಯಜಮಾನರು ಗಿರಾಕಿಗಳಿಗೆ ಪರಿಚಿತವಾದ ಹಾಡುಗಳನ್ನೇ ಕೇಳುತ್ತಿದ್ದರು. ತಾನೇ ರಚಿಸಿದ್ದನ್ನು ನುಡಿಸುತ್ತೇನೆಂದವನಿಗೆ ಕೆಲಸವಿಲ್ಲ. ಇದೇ ಕಾಲಕ್ಕೆ ಜಾಝ್ ಸಂಗೀತದ ಒಳಗೂ ಒಂದು ಬದಲಾವಣೆ ನಡೆಯುತ್ತಿತ್ತು. ಅದನ್ನು ಎರಡು ಮಾತಿನಲ್ಲಿ ಹೇಳಬೇಕು.

ಸಾಮಾನ್ಯ ಜಾಝಿನಲ್ಲಿ ಒಂದು ಹಾಡಿನ ಚೌಕಟ್ಟು ಸುತ್ತಿ ಸುತ್ತಿ ಬರುತ್ತಿರುತ್ತದೆ. ಅದರೊಳಗೆ ವಾದಕನು ತನ್ನ ಮನೋಧರ್ಮವನ್ನು ತೋರಿಸುತ್ತಾನೆ. ನಮ್ಮ ವಿದ್ವಾಂಸರು ಕಲ್ಪನಾಸ್ವರ ಹಾಕುತ್ತ ಎಷ್ಟು ದೂರ ಹೋದರೂ ಎತ್ತುಗಡೆಯ ಜಾಗಕ್ಕೆ ಬಂದು ಸೇರುವಂತೆ ಅವನೂ ಬಂದು ಸೇರಬೇಕು. ಈ ಚೌಕಟ್ಟನ್ನೇ ಸಡಿಲಿಸಿದರೆ ಹೇಗೆ ಎಂದು ಕೇಳಿದವರಲ್ಲಿ ಮುಖ್ಯರು ಆರ್ನೆಟ್ ಕೋಲ್‌ಮನ್. 1960ರ ಡಿಸೆಂಬರಿನಲ್ಲಿ ಅವರು ಎಂಟು ಮಂದಿ ವಾದಕರನ್ನು ಕೂಡಿಸಿ ಮಾಡಿದ ಧ್ವನಿಮುದ್ರಿಕೆಯ ಹೆಸರು ‘ಫ್ರೀ ಜಾಝ್’. ಆ ಬಗೆಯ ಸಂಗೀತಕ್ಕೆ ಹೆಸರು ನಿಂತದ್ದು ಅದರಿಂದಲೇ. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದಕ್ಕೆ ಬಂಧನವಿಲ್ಲದ್ದು ಎಂದೂ ಅರ್ಥ, ದುಡ್ಡಿಲ್ಲದೆ ಸಿಗುವುದು ಎಂದೂ ಅರ್ಥ. ಕನ್ನಡದಲ್ಲಿ ನಾವು ಮುಕ್ತ, ಉಚಿತ ಎಂದು ಎರಡು ಮಾತು ಬಳಸುತ್ತೇವೆ. ಷಿಕಾಗೊದವರ ಕಥೆಯಲ್ಲಿ ಎರಡು ಅರ್ಥಗಳೂ ಕೂಡಿಬರುತ್ತವೆ.

ಅವರಲ್ಲಿ ಹಿರಿಯರು 1930ರಲ್ಲಿ ಷಿಕಾಗೊದಲ್ಲಿಯೇ ಹುಟ್ಟಿದ ರಿಚರ್ಡ್ ಅಬ್ರಾಮ್ಸ್. ಮುಂದೆ ಮೂಹಲ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಪಿಯಾನೊ ವಾದಕರು, ರಚನಾಶಾಸ್ತ್ರವನ್ನು ಬಹುಮಟ್ಟಿಗೆ ಪುಸ್ತಕಗಳನ್ನಿಟ್ಟುಕೊಂಡು ತಾವೇ ಕಲಿತವರು. 1960ರ ದಶಕದ ಆರಂಭದಲ್ಲಿ ಅವರು ‘ಎಕ್ಸ್‌ಪೆರಿಮೆಂಟಲ್ ಬ್ಯಾಂಡ್’ ಎಂಬ ತಂಡ ಕಟ್ಟಿ, ಕಿರಿಯರು ಬರೆದು ತಂದದ್ದನ್ನು ನುಡಿಸಿ ನೋಡುವ ಅವಕಾಶ ಮಾಡಿಕೊಟ್ಟರು. ಅಬ್ರಾಮ್ಸ್, ತುತ್ತೂರಿ ವಾದಕ ಫಿಲಿಪ್ ಕೋರಾನ್, ಪಿಯಾನೊದ ಜೋಡಿ ಕ್ರಿಶ್ಚಿಯನ್, ಡ್ರಮ್ಮಿನ ಸ್ಟೀವ್ ಮೆಕಾಲ್ ಈ ನಾಲ್ವರು ಸೇರಿ ಪರಿಚಿತ ಸಂಗೀತಗಾರರಿಗೆಲ್ಲ ಕಾರ್ಡು ಬರೆದರು. 1965ರ ಮೇ ತಿಂಗಳಲ್ಲಿ ಕೋರಾನರ ಮನೆಯಲ್ಲಿ ಸಭೆ ಸೇರಿತು.

ಸಂಘಗಳಲ್ಲಿ ಓಡಾಡಿದವರಿಗೆ ಆ ಸಭೆಯ ವರದಿ ಓದಲು ಬಹಳ ಸ್ವಾರಸ್ಯವಾಗಿದೆ. ಟೇಪ್ ರೆಕಾರ್ಡರ್ ಇಟ್ಟುಕೊಂಡೇ ಸಭೆ ನಡೆಸಿದ್ದರಿಂದ ಆಡಿದ ಮಾತುಗಳು ಉಳಿದಿವೆ. ಜಾರ್ಜ್ ಲೂಯಿಸ್ ಅವರು 2008ರಲ್ಲಿ ಪ್ರಕಟಿಸಿದ ಸಂಘದ ಬೃಹತ್ ಚರಿತ್ರೆಯಲ್ಲಿ ಅವುಗಳನ್ನು ಕಾಣಬಹುದು. ಮುಖ್ಯ ಚರ್ಚೆ ಒಂದೇ: ಸ್ವಂತ ರಚನೆಯನ್ನು ಮಾತ್ರ ನುಡಿಸಬೇಕೇ? ಸ್ವಂತ ಎಂದರೇನು? ಹಳೆಯ ಹಾಡನ್ನು ಹೊಸದಾಗಿ ನುಡಿಸಿದರೆ ಅದು ಸ್ವಂತವೋ ಅಲ್ಲವೋ? ಬಗೆಹರಿಯದ ಈ ಪ್ರಶ್ನೆಯ ಮೇಲೆ ಸಭೆಯ ಮೇಲೆ ಸಭೆ ನಡೆಯಿತು. ಕೊನೆಗೆ ಸ್ವಂತ ರಚನೆಯೇ ನಿಯಮವಾಯಿತು. ‘ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕ್ರಿಯೇಟಿವ್ ಮ್ಯೂಸಿಷಿಯನ್ಸ್’ ಎಂಬ ಉದ್ದನೆಯ ಹೆಸರಿಟ್ಟು, ಅದೇ ಆಗಸ್ಟಿನಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿದರು. ಜನ ಎ.ಎ.ಸಿ.ಎಂ. ಎಂದು ಚುಟುಕಾಗಿ ಕರೆಯುತ್ತಾರೆ. ಹೆಸರಿನಲ್ಲಿ ‘ಜಾಝ್’ ಎಂಬ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆ ಶಬ್ದವನ್ನು ತಮ್ಮ ಮೇಲೆ ಬೇರೆಯವರು ಹೊರಿಸಿದ್ದಾರೆಂದು ಅವರಲ್ಲಿ ಅನೇಕರ ಭಾವನೆ.

ಸಂಘದ ಉದ್ದೇಶಗಳು ಒಂಬತ್ತು. ಅವುಗಳಲ್ಲಿ ಒಂದು, ಎಳೆಯ ಸಂಗೀತಗಾರರಿಗೆ ಉಚಿತವಾಗಿ ಶಿಕ್ಷಣ ಕೊಡುವುದು. ಇಂಥ ಉದ್ದೇಶಗಳನ್ನು ನಿಯಮಾವಳಿಯಲ್ಲಿ ಬರೆಯುವುದು ಸುಲಭ. ಯಾವ ಸಂಘದ ನಿಯಮಾವಳಿ ತೆಗೆದರೂ ಸಿಗುತ್ತವೆ. ಇವರು ಎರಡು ವರ್ಷದೊಳಗೆ, 1967ರಲ್ಲಿ, ಶಾಲೆ ತೆರೆದೇಬಿಟ್ಟರು. ಸೌತ್ ಸೈಡಿನ ಓಕ್‌ವುಡ್ ರಸ್ತೆಯ ಅಬ್ರಹಾಂ ಲಿಂಕನ್ ಸೆಂಟರ್ ಎಂಬ ಹಳೆಯ ಸಮಾಜಸೇವಾ ಕಟ್ಟಡದಲ್ಲಿ ಶನಿವಾರ ಶನಿವಾರ ಪಾಠ. ಕಲಿಸುವವರು ಸಂಘದ ಸದಸ್ಯರೇ. ವಾದ್ಯದ ಪಾಠ, ಸ್ವರಲಿಪಿ, ಸಂಗೀತಶಾಸ್ತ್ರ. ಅಬ್ರಾಮ್ಸ್ ಅವರದು ರಚನೆಯ ತರಗತಿ. ಮೊದಲು ಇತರರ ಕೃತಿಗಳನ್ನು ಹತ್ತು ವರ್ಷ ಅಭ್ಯಾಸ ಮಾಡಿ ಆಮೇಲೆ ರಚನೆಗೆ ಕೈಹಾಕು ಎಂಬ ಪದ್ಧತಿ ಅಲ್ಲಿ ಇರಲಿಲ್ಲ. ಕಲಿಯಲು ಬಂದವನು ಮೊದಲಿನಿಂದಲೇ ಬರೆಯತೊಡಗಬೇಕು. ನಮ್ಮ ಗುರುಪರಂಪರೆಗೆ ಇದು ತಲೆಕೆಳಗಾಗಿ ತೋರೀತು. ಆದರೆ ಮುಕ್ತವಾಗಿ ನುಡಿಸುವುದೆಂದರೆ ಕೈಗೆ ಬಂದಂತೆ ಬಾರಿಸುವುದೆಂದು ತಿಳಿದವರಿಗೆ ಈ ಶಾಲೆಯೇ ಉತ್ತರ. ಬಂಧನವನ್ನು ಬಿಡುವವನಿಗೆ ತಾನು ಬಿಡುತ್ತಿರುವುದೇನೆಂದು ಗೊತ್ತಿರಬೇಕಾಗಿತ್ತು. ಆದ್ದರಿಂದಲೇ ಸ್ವರಲಿಪಿ, ಶಾಸ್ತ್ರ ಎಲ್ಲ.

ಅಲ್ಲಿಗೆ ಬಂದವರಲ್ಲಿ ಡಗ್ಲಸ್ ಯುವಾರ್ಟ್ ಒಬ್ಬರು. ಜಮೈಕಾ ದ್ವೀಪದಿಂದ 1963ರಲ್ಲಿ ಷಿಕಾಗೊಕ್ಕೆ ಬಂದ ಹುಡುಗ. ದರ್ಜಿ ಕೆಲಸ ಕಲಿತವನು. ಮುಂದೆ ಸ್ಯಾಕ್ಸೋಫೋನ್ ನುಡಿಸುವುದರ ಜೊತೆಗೆ ಬಿದಿರಿನ ಕೊಳಲುಗಳನ್ನು ತಾವೇ ತಯಾರಿಸಿ ಹೆಸರಾದರು, ಸಂಘದ ಅಧ್ಯಕ್ಷರೂ ಆದರು. (ಸ್ಯಾಕ್ಸೋಫೋನ್ ಎಂದರೆ ನಮ್ಮವರಿಗೆ ಕದ್ರಿ ಗೋಪಾಲನಾಥರು. 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ಗೋಪಾಲನಾಥರು ನುಡಿಸಿದ್ದು ಮುಂಬಯಿಯ ಹಳಬರಿಗೆ ತಿಳಿದ ಸಂಗತಿಯೇ.) ಆರ್ಕನ್ಸಾದ ಹಳ್ಳಿಯಿಂದ ಬಂದು ಷಿಕಾಗೊದಲ್ಲಿ ಶಾಲಾಶಿಕ್ಷಕಿಯಾಗಿದ್ದ ಅಮೀನಾ ಕ್ಲಾಡೀನ್ ಮೈಯರ್ಸ್ 1966ರಲ್ಲಿಯೇ ಸದಸ್ಯೆಯಾದವರು. ಗಂಡಸರೇ ತುಂಬಿದ್ದ ಸಂಘದಲ್ಲಿ ಹೆಣ್ಣುಮಕ್ಕಳು ಬಹುಕಾಲ ಬೆರಳೆಣಿಕೆಯಷ್ಟೇ ಇದ್ದರೆಂಬುದನ್ನೂ ಹೇಳಬೇಕು.

ಫೀಜಿಲ್ಲದ ಶಾಲೆಯ ಮಾತು ಬಂದಾಗ ಮುಂಬಯಿಯ ವಾಚಕರಿಗೆ ನಮ್ಮ ರಾತ್ರಿಶಾಲೆಗಳು ನೆನಪಾಗದೆ ಇರವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಪ್ರದೇಶದ ಬೆಂಚುಗಳ ಮೇಲೆ ಕೂತು ಮೆಟ್ರಿಕ್ ಮುಗಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆಗೆ ಹೆಸರೇ ‘ಫ್ರೀ ನೈಟ್ ಸ್ಕೂಲ್’. ಷಿಕಾಗೊದವರ ಶನಿವಾರಕ್ಕೂ ನಮ್ಮ ರಾತ್ರಿಗೂ ಒಂದೇ ಲೆಕ್ಕಾಚಾರ: ಕಲಿಯುವವನು ದುಡ್ಡು ಕೊಡುವುದಿಲ್ಲ, ಕಲಿಸುವವನು ತನ್ನ ಬಿಡುವನ್ನು ಕೊಡುತ್ತಾನೆ. ಕಟ್ಟಡದ ಬಾಡಿಗೆಗೆ ಸದಸ್ಯರ ವಂತಿಗೆ, ಕಚೇರಿಯ ಟಿಕೇಟಿನ ಹಣ.

ಆ ಕಚೇರಿಗಳನ್ನೂ ಅವರೇ ಏರ್ಪಡಿಸುತ್ತಿದ್ದರು. ಮೊದಲನೆಯದು 1965ರ ಆಗಸ್ಟಿನಲ್ಲಿ, ಜೋಸೆಫ್ ಜಾರ್ಮನ್ ಅವರ ತಂಡದ್ದು. ಮರುವರ್ಷ ರಾಸ್ಕೊ ಮಿಚೆಲ್ ಅವರ ‘ಸೌಂಡ್’ ಧ್ವನಿಮುದ್ರಿಕೆ ಬಂತು. ಗದ್ದಲವೇ ಮುಕ್ತಸಂಗೀತವೆಂದು ನಂಬಿದ್ದವರಿಗೆ ಅದರಲ್ಲಿನ ಮೌನ, ಸಣ್ಣಪುಟ್ಟ ವಾದ್ಯಗಳ ಕಿಣಿಕಿಣಿ ಬೆರಗು ತಂದವು. ಈ ಸಂಗೀತವೆಲ್ಲ ಕಿವಿಗೆ ಇಂಪೆಂದು ನಾವು ಹೇಳಲಾರೆವು. ಕೆಲವನ್ನು ಕೇಳುವುದಕ್ಕೆ ತಾಳ್ಮೆ ಬೇಕು. ಷಿಕಾಗೊದಲ್ಲಿಯೂ ಕೇಳುಗರು ಕಡಿಮೆಯೇ ಇದ್ದರು. 1969ರಲ್ಲಿ ಮಿಚೆಲ್, ಜಾರ್ಮನ್, ಲೆಸ್ಟರ್ ಬೋವಿ, ಮಲಾಕಾಯ್ ಫೇವರ್ಸ್ ನಾಲ್ವರೂ ಪ್ಯಾರಿಸಿಗೆ ಹೊರಟರು. ಪ್ರಯಾಣಕ್ಕಾಗಿ ಬೋವಿ ಮನೆಯ ಮೇಜು ಕುರ್ಚಿಗಳನ್ನು ಮಾರಿದರು. ‘ಆರ್ಟ್ ಆನ್ಸಾಂಬಲ್ ಆಫ್ ಷಿಕಾಗೊ’ ಎಂದು ಲೋಕಪ್ರಸಿದ್ಧವಾದ ತಂಡ ಅದೇ.

ಇಲ್ಲಿಂದ ಸಂಘದ ಕಷ್ಟ ಆರಂಭವಾಯಿತೆನ್ನಬಹುದು. ಹೆಸರು ಹೊರಗೆ ಬೆಳೆದಷ್ಟೂ ಮನೆಯಲ್ಲಿ ಜನ ಕಡಿಮೆಯಾದರು. 1975ರಲ್ಲಿ ಷಿಕಾಗೊದಲ್ಲಿ ಹತ್ತನೆಯ ವರ್ಷದ ಉತ್ಸವವನ್ನು ಆಚರಿಸಿದರು. ಮರುವರ್ಷ ಅಬ್ರಾಮ್ಸ್ ಅವರೇ ನ್ಯೂಯಾರ್ಕಿಗೆ ಹೋಗಿ ನೆಲೆಸಿದರು. ಹೆನ್ರಿ ಥ್ರೆಡ್ಗಿಲ್ ಮೊದಲಾದವರೂ ಅದೇ ದಾರಿ ಹಿಡಿದರು. 1977ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಬಾನುಲಿಯವರು ಅಲ್ಲಿ ಇವರಿಗಾಗಿಯೇ ಒಂದು ಉತ್ಸವ ಏರ್ಪಡಿಸಿದರು. 1980ರ ದಶಕದಲ್ಲಿ ನ್ಯೂಯಾರ್ಕ್ ಶಾಖೆಯೂ ಹುಟ್ಟಿತು. ಮೂಲ ಸಂಘ ಯಾವುದು, ಶಾಖೆ ಯಾವುದು, ಯಾರ ಮಾತು ನಡೆಯಬೇಕು ಎಂಬ ತಕರಾರು ಹುಟ್ಟದಿರಲಿಲ್ಲ. ಹೋದವರಿಗೆ ಪತ್ರಿಕೆಗಳ ಪ್ರಶಂಸೆ, ಯೂರೋಪಿನ ಆಮಂತ್ರಣ. ಉಳಿದವರಿಗೆ ಶನಿವಾರದ ಪಾಠ. ಆದರೂ ಉಳಿದವರು ಶಾಲೆಯನ್ನು ಮುಚ್ಚಲಿಲ್ಲ. ಕಟ್ಟಡಗಳು ಬದಲಾದವು, ಕಲಿತವರೇ ಕಲಿಸುವವರಾದರು. ನಮ್ಮ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ದೊಡ್ಡ ಸಾಧನೆ ಇದೇ, 2016ರಲ್ಲಿ ಥ್ರೆಡ್ಗಿಲ್ ಅವರಿಗೆ ಬಂದ ಪುಲಿಟ್ಜರ್ ಬಹುಮಾನಕ್ಕಿಂತಲೂ.

ಹೋದವರು ಊರನ್ನು ಮರೆತರೆಂದಲ್ಲ. ಷಿಕಾಗೊ ನಗರದಲ್ಲಿ 1979ರಿಂದ ಟಿಕೇಟಿಲ್ಲದೆ ನಡೆದುಬಂದ ದೊಡ್ಡ ಜಾಝ್ ಉತ್ಸವವಿದೆ. 2013ರ ಆಗಸ್ಟಿನಲ್ಲಿ ಅದರ ವೇದಿಕೆಗೆ ಅಬ್ರಾಮ್ಸ್, ಮಿಚೆಲ್, ಥ್ರೆಡ್ಗಿಲ್ ಮೂವರೂ ಬಂದರು. ಕರೆಸಿದವರು ಡ್ರಮ್ ವಾದಕ ಜ್ಯಾಕ್ ಡಿಜಾನೆಟ್. 1960ರ ದಶಕದ ಆರಂಭದಲ್ಲಿ ಸೌತ್ ಸೈಡಿನ ವಿಲ್ಸನ್ ಜೂನಿಯರ್ ಕಾಲೇಜಿನಲ್ಲಿ ಮಿಚೆಲ್, ಥ್ರೆಡ್ಗಿಲ್ ಅವರ ಸಹಪಾಠಿ. ಅಬ್ರಾಮ್ಸ್ ಅವರಿಗೆ ಆಗ 80 ದಾಟಿತ್ತು. ನಾಲ್ಕು ವರ್ಷಗಳ ಬಳಿಕ ತೀರಿಕೊಂಡರು.

ಇನ್ನೊಂದು ಉತ್ಸವ ಇದಕ್ಕಿಂತ ಚಿಕ್ಕದು. ಸೌತ್ ಸೈಡಿನ ಎಂಗಲ್‌ವುಡ್ ಬಡಾವಣೆ ಬಡತನಕ್ಕೂ ಹೊಡೆದಾಟಕ್ಕೂ ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡ ಜಾಗ. ಸಂಘದ ಶಾಲೆಯಲ್ಲಿ ಕಲಿತು, ಮುಂದೆ ಸಂಘದ ಅಧ್ಯಕ್ಷರೂ ಆದ ಸ್ಯಾಕ್ಸೋಫೋನ್ ವಾದಕ ಅರ್ನೆಸ್ಟ್ ಡಾಕಿನ್ಸ್ ಅವರು 2000ದಲ್ಲಿ ಅಲ್ಲಿಯ ಹ್ಯಾಮಿಲ್ಟನ್ ಉದ್ಯಾನದಲ್ಲಿ ಜಾಝ್ ಉತ್ಸವ ಆರಂಭಿಸಿದರು. ಪ್ರವೇಶ ಉಚಿತ. ಬಡಾವಣೆಯ ಮಕ್ಕಳಿಗೆ ವಾದ್ಯ ಕಲಿಸುವ ಒಂದು ತರಬೇತಿಯನ್ನೂ ಅದಕ್ಕೆ ಸೇರಿಸಿದರು. ಹೆಸರಾಂತ ವಾದಕರು ನುಡಿಸಿದ ಆ ವೇದಿಕೆಯ ಮೇಲೆಯೇ ಆ ಮಕ್ಕಳೂ ನುಡಿಸಿದ್ದಾರೆ, ಮನೆಯವರು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೇಳಿದ್ದಾರೆ.