ಎರಡು ಬೈಟ್‌ಗಳಲ್ಲಿ ಹಿಡಿಸದ ಬಣ್ಣಗಳು

1970ರ ದಶಕದಲ್ಲಿ ಒಂದೇ ಕಂಪ್ಯೂಟರಿಗೆ ಹಲವು ಟರ್ಮಿನಲ್‌ಗಳನ್ನು, ಅಂದರೆ ಪರದೆ ಮತ್ತು ಕೀಲಿಮಣೆಯುಳ್ಳ ಸಾಧನಗಳನ್ನು, ಜೋಡಿಸುತ್ತಿದ್ದರು. ಪರದೆಯನ್ನು ಅಳಿಸಲು ಒಂದು ತಯಾರಕರ ಟರ್ಮಿನಲ್‌ಗೆ ಒಂದು ಸಂಕೇತ, ಇನ್ನೊಬ್ಬರದಕ್ಕೆ ಬೇರೊಂದು. ಎಲ್ಲವನ್ನೂ ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಬರೆಯಲಾದೀತೇ? ಅಮೆರಿಕದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಈ ವಿವರಗಳನ್ನೆಲ್ಲ ‘ಟರ್ಮ್‌ಕ್ಯಾಪ್’ ಎಂಬ ಒಂದೇ ಪಠ್ಯ ಕಡತದಲ್ಲಿ ಸೇರಿಸಿದರು. ಪಟ್ಟಿ ಬೆಳೆದಂತೆ ಹುಡುಕಾಟ ನಿಧಾನವಾಯಿತು.

1980ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕ್ ಹಾರ್ಟನ್ ‘ಟರ್ಮ್‌ಇನ್ಫೊ’ ರೂಪಿಸಿದರು. ಇದರಲ್ಲಿ ಪ್ರತಿ ಟರ್ಮಿನಲ್‌ಗೂ ಒಂದು ಪ್ರತ್ಯೇಕ ಕಡತ; ಅದರಲ್ಲಿನ ವಿವರ ಮೊದಲೇ ದ್ವಿಮಾನ ರೂಪಕ್ಕೆ ಪರಿವರ್ತನೆಯಾಗಿರುತ್ತದೆ.

ಕಡತದ ಮೊದಲ 12 ಬೈಟ್‌ಗಳಲ್ಲಿ ತಲಾ ಎರಡು ಬೈಟ್‌ನ ಆರು ಪೂರ್ಣಾಂಕಗಳಿವೆ. ಮೊದಲನೆಯದು 282, ಇದು ಕಡತದ ಗುರುತು. ಉಳಿದ ಐದು, ಮುಂದಿನ ಭಾಗಗಳ ಅಳತೆಯನ್ನು ತಿಳಿಸುತ್ತವೆ. 282 ಎಂದರೆ 1×256 + 26. ಕಡತದಲ್ಲಿ ಮೊದಲು 26, ಅನಂತರ 1 ಇರುತ್ತದೆ. ನಾವು ಬಿಡಿಸ್ಥಾನವನ್ನು ಮೊದಲು ಬರೆದಂತೆ! ಪಿಡಿಪಿ-11 ಯಂತ್ರದ ಕ್ರಮವೂ ಇದೇ. ತಿರುವುಮುರುವಾಗಿ ಓದಿದರೆ 6657 ಆಗಿಬಿಡುತ್ತದೆ. ಆದ್ದರಿಂದ ಯಂತ್ರ ಯಾವುದೇ ಇರಲಿ, ಕಡತದಲ್ಲಿ ಕ್ರಮ ಒಂದೇ.

ಈಗ ಮಿತಿಯನ್ನು ಗಮನಿಸಿ. ಎರಡು ಬೈಟ್ ಎಂದರೆ 16 ಬಿಟ್. ಋಣ ಸಂಖ್ಯೆಗಳಿಗೂ ಸ್ಥಳ ಬೇಕು, ಏಕೆಂದರೆ ‘ಈ ಗುಣ ಇಲ್ಲ’ ಎನ್ನಲು –1 ಬಳಸುತ್ತಾರೆ. ಹೀಗಾಗಿ ಗರಿಷ್ಠ ಸಂಖ್ಯೆ 32767. ಇಡೀ ಕಡತದ ಮಿತಿ 4096 ಬೈಟ್. 1978ರ ವಿಟಿ100 ಟರ್ಮಿನಲ್‌ನಲ್ಲಿ 80 ಅಂಕಣ, 24 ಸಾಲುಗಳಿದ್ದವು. ಅಂಥವಕ್ಕೆ ಇದು ಧಾರಾಳವಾಗಿತ್ತು. ಆದರೆ 24 ಬಿಟ್‌ನ ಬಣ್ಣಗಳು ಬಂದಾಗ ಬಣ್ಣಗಳ ಸಂಖ್ಯೆ 1,67,77,216! ಅದನ್ನು ಎರಡು ಬೈಟ್‌ನಲ್ಲಿ ತುಂಬುವುದು ಹೇಗೆ?

2018ರಲ್ಲಿ ಬಂದ ‘ಎನ್‌ಕರ್ಸಸ್ 6.1’ ಇದಕ್ಕೆ ಪರಿಹಾರ ನೀಡಿತು. ಟರ್ಮಿನಲ್‌ನ ಸಂಖ್ಯಾಗುಣಗಳಿಗೆ ನಾಲ್ಕು ಬೈಟ್, ಕಡತಕ್ಕೆ 32768 ಬೈಟ್‌ಗಳ ಮಿತಿ, ಗುರುತಿನ ಸಂಖ್ಯೆ 542. ಗುರುತು 282 ಆದರೆ ಹಳೆಯ ರೀತಿ ಓದು, 542 ಆದರೆ ಹೊಸ ರೀತಿ. ಹಳೆಯ ಕಡತಗಳನ್ನು ಎಸೆಯಬೇಕಾಗಲಿಲ್ಲ.

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ವಿಟಿ100 ಕಡತದ ಮೊದಲೆರಡು ಬೈಟ್‌ಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ: 26, 1. ಮುಂದೆ ಎಷ್ಟು ಸ್ಥಳ ಬೇಕಾದೀತೆಂದು ಯಾರೂ ನಿಖರವಾಗಿ ಊಹಿಸಲಾರರು. ಆದರೆ ‘ನಾನು ಯಾವ ಬಗೆಯ ಕಡತ’ ಎಂದು ಮೊದಲಲ್ಲೇ ಹೇಳಿಕೊಂಡರೆ, ಮುಂದಿನವರು ಮಿತಿಯನ್ನು ಹಿಗ್ಗಿಸಬಲ್ಲರು.