ಚುನಾವಣಾ ಆಯೋಗವೂ ಸ್ತ್ರೀಯರ ನಾಮಧೇಯವೂ

ವಾದಿಯೇ ನ್ಯಾಯಾಧಿಪತಿಯಾಗಿ ಕುಳಿತಲ್ಲಿ ತೀರ್ಪಿಗೆ ಬೆಲೆಯಿಲ್ಲ. ಮಂತ್ರಿಗಳ ಅಳಿವು ಉಳಿವುಗಳನ್ನು ನಿರ್ಣಯಿಸತಕ್ಕ ಚುನಾವಣೆಯನ್ನು ಆ ಮಂತ್ರಿಗಳ ಅಧೀನರೇ ನಡೆಸಿದರೆ ಜನರಿಗೆ ಅದರಲ್ಲಿ ವಿಶ್ವಾಸವು ಹುಟ್ಟುವುದೆಂತು? ಭಾರತದ ಸಂವಿಧಾನ ಸಭೆಯು ಈ ಪ್ರಶ್ನೆಯನ್ನು ಆಳವಾಗಿ ವಿಚಾರಮಾಡಿತು. ಪ್ರಾಂತಗಳಿಗೆ ಬೇರೆ ಬೇರೆ ಆಯೋಗಗಳಿರಬೇಕೆಂಬುದು ಕರಡಿನಲ್ಲಿದ್ದ ಏರ್ಪಾಡು. ಆದರೆ ಕೆಲವು ಪ್ರಾಂತಗಳಲ್ಲಿ ಭಾಷೆಯಿಂದಲೋ ಕುಲದಿಂದಲೋ ಭಿನ್ನರಾದವರನ್ನು ಮತದಾರರ ಪಟ್ಟಿಯಿಂದ ಹೊರಗಿಡುತ್ತಿರುವರೆಂಬ ದೂರು ಬಂದುದರಿಂದ, 1949ನೆಯ ಜೂನ್ ತಿಂಗಳಲ್ಲಿ ಡಾ. ಅಂಬೇಡ್ಕರರು ಇಡೀ ದೇಶಕ್ಕೆ ಒಂದೇ ಆಯೋಗವನ್ನು ಸೂಚಿಸಿದರು. ಸಂವಿಧಾನದ 324ನೆಯ ವಿಧಿಯು ಹುಟ್ಟಿದುದು ಹೀಗೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ಕ್ರಮದಿಂದಲ್ಲದೆ ಮುಖ್ಯ ಆಯುಕ್ತರನ್ನು ಪದಚ್ಯುತಗೊಳಿಸಕೂಡದೆಂದು ಅದರಲ್ಲಿ ನಿಯಮವಿದೆ.

1950ನೆಯ ಮಾರ್ಚಿ ತಿಂಗಳಲ್ಲಿ ಸುಕುಮಾರ ಸೇನರು ಮೊದಲನೆಯ ಮುಖ್ಯ ಆಯುಕ್ತರಾದರು. ಪಟ್ಟಿಗೆ ಸೇರಿಸಬೇಕಾಗಿದ್ದವರು 17 ಕೋಟಿಗೂ ಮಿಕ್ಕ ಜನ. ಅವರಲ್ಲಿ ಬಹುಮಂದಿ ಅಕ್ಷರವನ್ನರಿಯದವರು. ಅವರಿಗಾಗಿ ಚಿಹ್ನೆಗಳನ್ನು ಗೊತ್ತುಮಾಡಿ, ಅಭ್ಯರ್ಥಿಗೊಂದರಂತೆ ಮತಪೆಟ್ಟಿಗೆಯನ್ನು ಇರಿಸಿದುದಾಯಿತು. ಇದಕ್ಕಿಂತಲೂ ಕಠಿನವಾದ ತೊಡಕು ಪಟ್ಟಿಯಲ್ಲಿಯೇ ಕಂಡುಬಂದಿತು. ಬಿಹಾರವೇ ಮೊದಲಾದ ಉತ್ತರದ ಪ್ರದೇಶಗಳಲ್ಲಿ ಅಪರಿಚಿತರ ಮುಂದೆ ತಮ್ಮ ಹೆಸರನ್ನು ಹೇಳುವ ವಾಡಿಕೆಯು ಅನೇಕ ಸ್ತ್ರೀಯರಲ್ಲಿ ಇರಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಯಿಸಿದ್ದರು.

ಸೇನರು ಇದಕ್ಕೆ ಒಪ್ಪಲಿಲ್ಲ. ಹೆಸರನ್ನು ಕೊಟ್ಟಲ್ಲದೆ ಮತವಿಲ್ಲವೆಂದು ಆಜ್ಞೆಮಾಡಿ, ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಅವಧಿಯನ್ನೂ ಕೊಟ್ಟರು. ಆದರೂ ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯನ್ನು ಪಟ್ಟಿಯಿಂದ ತೆಗೆಯಬೇಕಾಯಿತು. 1951ನೆಯ ಅಕ್ಟೋಬರಿನಿಂದ 1952ನೆಯ ಫೆಬ್ರವರಿಯವರೆಗೆ ನಡೆದ ಮೊದಲನೆಯ ಮಹಾಚುನಾವಣೆಯಲ್ಲಿ ಅವರಿಗೆ ಪಾಲು ದೊರೆಯಲಿಲ್ಲ.

ಈ ನಷ್ಟವನ್ನು ಹಗುರವಾಗಿ ಎಣಿಸಲಾಗದು. ಹಿರಿಯರಿಂದ ಬಂದ ಆಚಾರವನ್ನು ನಡೆಯಿಸಿದುದೊಂದೇ ಆ ಸ್ತ್ರೀಯರ ತಪ್ಪು. ಆದರೆ ಇಂಥವನ ಹೆಂಡತಿಯೆಂಬ ನಮೂದನ್ನು ಹಿಡಿದು ಬೇರೊಬ್ಬಳು ಬಂದು ನಿಂತರೆ ಗುರುತಿಸುವವರಾರು? ಅಲ್ಲದೆ ಸಂವಿಧಾನವು ಮತವನ್ನು ಕೊಟ್ಟುದು ವ್ಯಕ್ತಿಗೆ. ಗಂಡನ ಮೂಲಕವಾಗಿಯೂ ಅಲ್ಲ, ಮಗನ ಮೂಲಕವಾಗಿಯೂ ಅಲ್ಲ. ಮತವನ್ನು ಬೇಡಲು ನಿಂತ ಪಕ್ಷದವರ ಕೈಯಲ್ಲಿ ಈ ನಿರ್ಣಯವಿದ್ದಿದ್ದರೆ, 28 ಲಕ್ಷ ಮತಗಳ ಲಾಭನಷ್ಟಗಳನ್ನು ಲೆಕ್ಕಹಾಕದೆ ಅದನ್ನು ಮಾಡುವುದು ಸಾಧ್ಯವಾಗುತ್ತಿತ್ತೆ? ಯಾರ ಗೆಲವಿನಲ್ಲಿಯೂ ಪಾಲಿಲ್ಲದ ಆಯೋಗಕ್ಕೆ ಆ ಅಪ್ರಿಯವಾದ ಮಾತನ್ನು ಆಡುವ ಧೈರ್ಯವಿದ್ದಿತು.

2024ನೆಯ ಮಹಾಚುನಾವಣೆಯ ಪಟ್ಟಿಯಲ್ಲಿ 47 ಕೋಟಿಗೂ ಮಿಕ್ಕ ಸ್ತ್ರೀಯರಿದ್ದರು, ತಮ್ಮ ತಮ್ಮ ಹೆಸರಿನಿಂದಲೇ.